ಸಕ್ಕರೆ ಫ್ಯಾಕ್ಟರಿ ಇದೆ, ಕಬ್ಬೇ ಇಲ್ಲ: ಘಾನಾದಲ್ಲಿ ನಮ್ಮ ನೆರವಿನ ಬಗ್ಗೆ ಜನ ಏನಂತಾರೆ?

ಮಂಡ್ಯದ ಹೈದ

ಎಲ್ಲರಿಗೂ ನಮಸ್ಕಾರ. ನಾನು ಘಾನಾದ ಟೇಮಾ ಬಂದರಿನ ಹತ್ತಿರ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಆರು ವರ್ಷದಿಂದ ಕೆಲಸದಲ್ಲಿದ್ದೇನೆ. ಹೋದ ವಾರ ರಜೆ ಸಿಕ್ಕಿತು ಅಂತ ಕೇಪ್ ಕೋಸ್ಟ್ ಕಡೆ ಹೋಗಿದ್ದೆ. ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ಕೋಮೆಂಡಾ ಅಂತ ಮೀನುಗಾರರ ಊರು. ಅಲ್ಲೊಂದು ಸಕ್ಕರೆ ಫ್ಯಾಕ್ಟರಿ ಇದೆ. ಮಂಡ್ಯದವನಿಗೆ ಸಕ್ಕರೆ ಫ್ಯಾಕ್ಟರಿ ಕಂಡರೆ ಕಾಲು ನಿಲ್ಲುತ್ತಾ? ನೋಡೋಣ ಅಂತ ಹೋದೆ.

ಚಿಮಣಿಯಲ್ಲಿ ಹೊಗೆ ಇಲ್ಲ. ಕಾಕಂಬಿ ವಾಸನೆ ಇಲ್ಲ. ನಮ್ಮೂರಲ್ಲಿ ಫ್ಯಾಕ್ಟರಿ ಇನ್ನೂ ಎರಡು ಮೈಲಿ ಇರುವಾಗಲೇ ಮೂಗಿಗೆ ಗೊತ್ತಾಗುತ್ತದೆ, ಇಲ್ಲಿ ಗೇಟಿನ ಮುಂದೆ ನಿಂತರೂ ಬರೀ ಸಮುದ್ರದ ಉಪ್ಪು ಗಾಳಿ. ಒಳಗೆ ಆಳೆತ್ತರ ಹುಲ್ಲು. ಸೆಕ್ಯುರಿಟಿಯವನು ಕುರ್ಚಿ ಹಾಕಿಕೊಂಡು ರೇಡಿಯೋ ಕೇಳುತ್ತಿದ್ದ. ಎಲ್ಲಿಯವನು ಅಂತ ಕೇಳಿದ. ಇಂಡಿಯಾ ಅಂದೆ. ಅವನು ನಕ್ಕು, "ಹಾಗಾದರೆ ಇದು ನಿಮ್ಮದೇ, ಒಳಗೆ ಬನ್ನಿ" ಅಂದ. ತಮಾಷೆಗೆ ಹೇಳಿದ್ದು, ಆದರೆ ನನಗೆ ನಾಚಿಕೆ ಆಯಿತು.

ಯಾಕೆ ಅಂದರೆ ಈ ಫ್ಯಾಕ್ಟರಿ ಕಟ್ಟಿದ್ದು ನಮ್ಮ ಎಕ್ಸಿಮ್ ಬ್ಯಾಂಕಿನ (ರಫ್ತು-ಆಮದಿಗೆ ಸಾಲ ಕೊಡುವ ಸರ್ಕಾರಿ ಬ್ಯಾಂಕ್) 3.5 ಕೋಟಿ ಡಾಲರ್ ಸಾಲದಲ್ಲಿ. 2016ರ ಮೇ ತಿಂಗಳಲ್ಲಿ ಅಧ್ಯಕ್ಷ ಮಹಾಮಾ ಬಂದು ಉದ್ಘಾಟನೆ ಮಾಡಿದರು. ದಿನಕ್ಕೆ 1,250 ಟನ್ ಕಬ್ಬು ಅರೆಯುವ ಸಾಮರ್ಥ್ಯ. ಸ್ವಲ್ಪ ದಿನ ಪರೀಕ್ಷೆಗೆ ಓಡಿಸಿದರು. ಆಮೇಲೆ ನಿಂತಿತು. ಕಾರಣ ಬಹಳ ಸರಳ: ಕಬ್ಬು ಇಲ್ಲ.

ಆಫ್ರಿಕಾಗೆ ನೆರವು, ರಾಜತಾಂತ್ರಿಕತೆ ಅಂತ ಪೇಪರ್‌ನಲ್ಲಿ ದಿನಾ ಓದುತ್ತೇವೆ. ಇಲ್ಲಿನ ಜನ ಅದನ್ನು ಹೇಗೆ ನೋಡುತ್ತಾರೆ ಅಂತ ಯಾರೂ ಬರೆಯುವುದಿಲ್ಲ. ಆ ಭಾಗದಲ್ಲಿ ಇರುವವರು, ಇದ್ದು ಬಂದವರು ದಯವಿಟ್ಟು ಹೇಳಿ.

ಬೆಂದಕಾಳೂರು

ಸುಮ್ನೆ ಕೇಳ್ತೀನಿ, ತಪ್ಪು ತಿಳಿಯಬೇಡಿ. ನಮ್ಮ ಹಳ್ಳಿ ಶಾಲೆಗಳಲ್ಲೇ ಮಳೆ ಬಂದರೆ ಸೋರುತ್ತದೆ. ನಾವು ಯಾಕೆ ಆಫ್ರಿಕಾಗೆ ಫ್ಯಾಕ್ಟರಿ ಕಟ್ಟಿಸಿ ಕೊಡಬೇಕು? ಚೀನಾ ಮಾಡುತ್ತಿದೆ ಅಂತ ನಾವೂ ಮಾಡುವುದಾ? ನಮ್ಮ ತೆರಿಗೆ ದುಡ್ಡು ಅದು.

ಲೆಕ್ಕದ ಮೇಷ್ಟ್ರು

@ಬೆಂದಕಾಳೂರು ನಿಮ್ಮ ಸಿಟ್ಟು ಅರ್ಥ ಆಗುತ್ತದೆ, ಆದರೆ ಎರಡು ಬೇರೆ ಬೇರೆ ಲೆಕ್ಕವನ್ನು ಒಂದೇ ಚೀಲಕ್ಕೆ ಹಾಕುತ್ತಿದ್ದೀರಿ.

ಒಂದು, ಕೈಯೆತ್ತಿ ಕೊಡುವ ಅನುದಾನ. 2025-26ರ ಕೇಂದ್ರ ಬಜೆಟ್‌ನಲ್ಲಿ ಆಫ್ರಿಕಾದ ಎಲ್ಲ ದೇಶಗಳಿಗೂ ಸೇರಿ ಇಟ್ಟಿದ್ದು 225 ಕೋಟಿ ರೂಪಾಯಿ. ಭೂತಾನ್ ಒಂದಕ್ಕೇ 2,150 ಕೋಟಿ. 225 ಕೋಟಿಯನ್ನು 54 ದೇಶಕ್ಕೆ ಹಂಚಿ ನೋಡಿ. ತಲಾ ನಾಲ್ಕು ಕೋಟಿ ಚಿಲ್ಲರೆ. ಬೆಂಗಳೂರಲ್ಲಿ ಒಳ್ಳೆ ಕಡೆ ಒಂದು ಮನೆ ಬರುವುದಿಲ್ಲ.

ಇನ್ನೊಂದು, ಸಾಲ. ಕೋಮೆಂಡಾ ಫ್ಯಾಕ್ಟರಿ ಆ ಕಡೆಯದು. ಎಕ್ಸಿಮ್ ಬ್ಯಾಂಕ್ ಕಡಿಮೆ ಬಡ್ಡಿಗೆ ಕೊಡುತ್ತದೆ, ಆ ದೇಶ ವಾಪಸ್ ಕಟ್ಟಬೇಕು. ನಮ್ಮ ಸರ್ಕಾರಕ್ಕೆ ಬೀಳುವುದು ಬಡ್ಡಿಯಲ್ಲಿನ ರಿಯಾಯಿತಿಯ ಭಾರ. ಜೊತೆಗೆ ಒಂದು ಷರತ್ತು ಇರುತ್ತದೆ: ಆ ದುಡ್ಡಿನಲ್ಲಿ ಸಾಮಾನ್ಯವಾಗಿ 75%ರಷ್ಟು ಸಾಮಾನು, ಸೇವೆ ಭಾರತದಿಂದಲೇ ಕೊಳ್ಳಬೇಕು. ಯಂತ್ರ ನಮ್ಮದು, ಕಂಟ್ರಾಕ್ಟರ್ ನಮ್ಮವನು. ಅಂದರೆ ದುಡ್ಡು ಮುಂಬೈಯಿಂದ ಹೊರಟು ಮುಂಬೈ ಸುತ್ತಮುತ್ತಲೇ ಇಳಿಯುತ್ತದೆ, ಸಾಲ ಮಾತ್ರ ಘಾನಾದ ಖಾತೆಯಲ್ಲಿ ಉಳಿಯುತ್ತದೆ. ಚೀನಾದ್ದೂ ಹೆಚ್ಚುಕಮ್ಮಿ ಇದೇ ದಾರಿ, ಮೊತ್ತ ಮಾತ್ರ ಬಹಳ ದೊಡ್ಡದು.

ಇದನ್ನು ನೆರವು ಅಂತ ಕರೆಯಬೇಕಾ, ವ್ಯಾಪಾರ ಅನ್ನಬೇಕಾ, ನೀವೇ ಹೇಳಿ.

ಬೆಂದಕಾಳೂರು

225 ಕೋಟಿ ಅಂತ ಗೊತ್ತಿರಲಿಲ್ಲ ಮೇಷ್ಟ್ರೇ. ನಾನು ಸಾವಿರಾರು ಕೋಟಿ ಅಂದುಕೊಂಡಿದ್ದೆ.

ಲೆಕ್ಕದ ಮೇಷ್ಟ್ರು

ನೀವೊಬ್ಬರೇ ಅಲ್ಲ ಬಿಡಿ. ಅಮೆರಿಕದಲ್ಲಿ ಜನರನ್ನು ಕೇಳಿದರೆ ಕೇಂದ್ರ ಬಜೆಟ್‌ನ ಕಾಲು ಭಾಗ ವಿದೇಶಿ ನೆರವಿಗೆ ಹೋಗುತ್ತದೆ ಅಂತ ಹೇಳುತ್ತಿದ್ದರು. ನಿಜಕ್ಕೂ ಹೋಗುತ್ತಿದ್ದದ್ದು ಸುಮಾರು 1%. ಆ ತಪ್ಪು ತಿಳಿವಳಿಕೆ ಇದ್ದದ್ದಕ್ಕೇ 2025ರಲ್ಲಿ ಅವರ ಸರ್ಕಾರದ ನೆರವು ಸಂಸ್ಥೆ ಯುಎಸ್ಏಡ್ ಬಾಗಿಲು ಹಾಕಿದಾಗ ಅಲ್ಲಿ ಅಷ್ಟು ಜನ ಚಪ್ಪಾಳೆ ಹೊಡೆದದ್ದು ಅಂತ ನನ್ನ ಲೆಕ್ಕ.

ಕೂಳೆ ಕಬ್ಬು

ನಾನು ಮದ್ದೂರಿನ ಕಡೆ ರೈತ. ಹೈದ, ನಿನ್ನ ಫ್ಯಾಕ್ಟರಿ ಕತೆ ಓದಿ ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು.

ದಿನಕ್ಕೆ 1,250 ಟನ್ ಅಂದರೆ ಏನು ಗೊತ್ತಾ? ವರ್ಷಕ್ಕೆ 120 ದಿನ ಓಡಿಸಿದರೂ ಒಂದೂವರೆ ಲಕ್ಷ ಟನ್ ಕಬ್ಬು ಬೇಕು. ನಮ್ಮ ವಿ.ಸಿ. ನಾಲೆ ನೀರಲ್ಲಿ ಎಕರೆಗೆ 40 ಟನ್ ಅಂತ ಹಿಡಿದರೂ 3,750 ಎಕರೆ. ಅಲ್ಲಿ ನೀರಾವರಿ ಇಲ್ಲ ಅಂದರೆ ಇನ್ನೂ ಎಷ್ಟೋ ಜಾಸ್ತಿ. ಅಷ್ಟಕ್ಕೂ ಬಿತ್ತನೆ ಕಬ್ಬು ಎಲ್ಲಿಂದ ತರುತ್ತಾರೆ? ಮೊದಲ ವರ್ಷ ನೂರು ಎಕರೆಗೆ ಹಾಕಿ, ಅದನ್ನೇ ಕಡಿದು ಮುಂದಿನ ವರ್ಷ ಇನ್ನಷ್ಟು ಎಕರೆಗೆ ಹಬ್ಬಿಸಬೇಕು. ಮೂರ್ನಾಲ್ಕು ವರ್ಷದ ಕೆಲಸ ಅದು. ಕಟಾವು ಆದ ಕಬ್ಬು ಒಂದು ದಿನದೊಳಗೆ ಗಾಣಕ್ಕೆ ಬೀಳಬೇಕು, ಇಲ್ಲ ಅಂದರೆ ತೂಕ ಹೋಯಿತು, ಸಕ್ಕರೆ ಅಂಶ ಹೋಯಿತು. ಅದಕ್ಕೆ ಲಾರಿ ಬೇಕು, ರಸ್ತೆ ಬೇಕು, ಕಡಿಯುವ ಆಳು ಬೇಕು. ಎಲ್ಲಕ್ಕಿಂತ ಮೊದಲು ರೈತನಿಗೆ ದುಡ್ಡು ಬರುತ್ತದೆ ಅನ್ನೋ ನಂಬಿಕೆ ಬೇಕು. 1933ರಿಂದ ಫ್ಯಾಕ್ಟರಿ ಇರುವ ಮಂಡ್ಯದಲ್ಲೇ ಬಾಕಿ ಬಿಲ್ಲಿಗೆ ನಾವು ರಸ್ತೆಗೆ ಇಳಿಯುತ್ತೇವೆ!

ಮೊದಲು ಗದ್ದೆ, ಆಮೇಲೆ ಗಾಣ. ಅವರು ತಲೆಕೆಳಗು ಮಾಡಿದರು. ಒಬ್ಬ ಆಲೆಮನೆಯವನನ್ನು ಕೇಳಿದ್ದರೂ ಹೇಳುತ್ತಿದ್ದ.

ಮಂಡ್ಯದ ಹೈದ

ಅಣ್ಣ, ಇದನ್ನೇ ಸೆಕ್ಯುರಿಟಿಯವನೂ ಹೇಳಿದ, ಅವನ ಭಾಷೆಯಲ್ಲಿ. ಅಲ್ಲಿ 1960ರ ದಶಕದಲ್ಲಿ, ಘಾನಾದ ಮೊದಲ ಅಧ್ಯಕ್ಷ ಎನ್‌ಕ್ರೂಮಾ ಕಾಲದಲ್ಲೇ ಒಂದು ಹಳೆ ಸಕ್ಕರೆ ಫ್ಯಾಕ್ಟರಿ ಇತ್ತಂತೆ. ಅವನ ಅಜ್ಜ ಅದಕ್ಕೆ ಕಬ್ಬು ಹಾಕುತ್ತಿದ್ದನಂತೆ. ಅದು ಮುಚ್ಚಿದ ಮೇಲೆ ಜನ ಕಬ್ಬು ಬಿಟ್ಟು ಮರಗೆಣಸು, ಮುಸುಕಿನ ಜೋಳಕ್ಕೆ ಹೋದರು. ಹೊಸದು ಬಂದಾಗ "ಮತ್ತೆ ಕಬ್ಬು ಹಾಕಿ" ಅಂದರು. "ನೀವು ಮೊದಲು ಎರಡು ವರ್ಷ ಕೊಂಡು ತೋರಿಸಿ, ಆಮೇಲೆ ಹಾಕುತ್ತೇವೆ" ಅಂತ ರೈತರು ಕೂತರು. ಫ್ಯಾಕ್ಟರಿಯವರು "ಮೊದಲು ಕಬ್ಬು ತನ್ನಿ" ಅಂತ ಕೂತರು. ಹಾಗೇ ಕೂತಿದ್ದಾರೆ.

ಅವನಿಗೆ ಇಂಡಿಯಾ ಮೇಲೆ ಕೋಪ ಇಲ್ಲ ಅಂತ ಖಚಿತ ಮಾಡಿಕೊಂಡೆ. ಕೋಪ ಪೂರ್ತಿ ಅವರ ರಾಜಕಾರಣಿಗಳ ಮೇಲೆ. ಚುನಾವಣೆ ವರ್ಷ ಅಂತ ರಿಬ್ಬನ್ ಕತ್ತರಿಸಿದರು ಅಂತಾನೆ. 2016ರ ಡಿಸೆಂಬರ್‌ನಲ್ಲಿ ಚುನಾವಣೆ ಇದ್ದದ್ದು ನಿಜ. ಮಹಾಮಾ ಸೋತರು. ಹೊಸ ಸರ್ಕಾರಕ್ಕೆ ಹಿಂದಿನವರ ಕೂಸನ್ನು ಸಾಕುವ ಉಮೇದು ಎಲ್ಲಿಂದ ಬರಬೇಕು? ನಮ್ಮಲ್ಲೂ ಹಾಗೇ ಅಲ್ವಾ.

ಆಕ್ರಾ ಅಕ್ಕ

ನಾನು ಘಾನಾದ ರಾಜಧಾನಿ ಆಕ್ರಾದಲ್ಲಿ ಔಷಧಿ ವಿತರಣೆ ಕೆಲಸದಲ್ಲಿದ್ದೀನಿ, ಹನ್ನೊಂದು ವರ್ಷ ಆಯ್ತು. ತಮ್ಮ, ನೀನು ಹಾಳು ಬಿದ್ದದ್ದು ಮಾತ್ರ ನೋಡಿ ಬಂದೆ. ಆಕ್ರಾದಲ್ಲಿ ಅಧ್ಯಕ್ಷರು ಕೂರುವ ಭವನವೇ ಭಾರತದ ಸಾಲದಲ್ಲಿ, ಭಾರತದ ಕಂಪನಿ ಕಟ್ಟಿದ್ದು. ಟೇಮಾದಿಂದ ಎಂಪಕಾಡಾನ್‌ಗೆ ಸುಮಾರು 97 ಕಿ.ಮೀ. ರೈಲು ಮಾರ್ಗ ಆಗಿದ್ದೂ ನಮ್ಮ ಸಾಲದಲ್ಲೇ. 2003ರಿಂದ ಕೋಫಿ ಅನ್ನಾನ್ ಹೆಸರಿನ ಐಟಿ ತರಬೇತಿ ಕೇಂದ್ರ ನಡೀತಿದೆ, ನಮ್ಮ ಅಂಗಡಿಯ ಅಕೌಂಟೆಂಟ್ ಹುಡುಗಿ ಕಂಪ್ಯೂಟರ್ ಕಲಿತದ್ದು ಅಲ್ಲೇ. ಅವಳಿಗೆ ಇಂಡಿಯಾ ಅಂದರೆ ಆ ಕ್ಲಾಸ್‌ರೂಮ್.

ಜನರ ಅಭಿಪ್ರಾಯ ಕೇಳಿದೆ ಅಲ್ವಾ. ನಾನು ಕಣ್ಣಾರೆ ಕಂಡ ಎರಡು ದಿನ ಹೇಳ್ತೀನಿ.

ಫೆಬ್ರವರಿ 24, 2021. ಬಡ ದೇಶಗಳಿಗೂ ಕೋವಿಡ್ ಲಸಿಕೆ ಸಿಗಲಿ ಅಂತ ಮಾಡಿದ ಕೋವ್ಯಾಕ್ಸ್ ಯೋಜನೆಯ ಲಸಿಕೆ ಪ್ರಪಂಚದಲ್ಲೇ ಮೊದಲು ಬಂದಿಳಿದದ್ದು ಆಕ್ರಾಗೆ. 6 ಲಕ್ಷ ಡೋಸ್, ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ದು. ಅವತ್ತು ಟ್ಯಾಕ್ಸಿಯವನು ನನ್ನ ಹತ್ತಿರ ದುಡ್ಡು ತಗೊಳ್ಳಲಿಲ್ಲ. "ನಿಮ್ಮವರು ಕಳಿಸಿದ್ದಾರೆ" ಅಂದ. ನಾನು ತಲೆ ಎತ್ತಿಕೊಂಡು ಮನೆಗೆ ಬಂದೆ.

ಒಂದೇ ತಿಂಗಳು. ನಮ್ಮಲ್ಲಿ ಎರಡನೇ ಅಲೆ ಬಂತು, ರಫ್ತು ನಿಂತಿತು. ಮೊದಲ ಡೋಸ್ ತಗೊಂಡವರು ಎರಡನೆಯದಕ್ಕೆ ಬಾಯಿ ಬಿಟ್ಟುಕೊಂಡು ಕೂತರು. ಅಂಗಡಿಗೆ ಬಂದು ನನ್ನನ್ನೇ ಕೇಳೋರು, "ಮೇಡಂ, ಯಾವಾಗ ಬರುತ್ತೆ?" ನಾನೇನು ಹೇಳಲಿ? ನಮ್ಮ ಅಣ್ಣ ಆಗ ಹಾಸನದಲ್ಲಿ ಆಕ್ಸಿಜನ್ ಬೆಡ್‌ಗೆ ಅಲೆದಾಡ್ತಿದ್ದ. ಅದನ್ನೇ ಹೇಳಿದೆ. ಆಶ್ಚರ್ಯ ಅಂದರೆ ಜನ ಅರ್ಥ ಮಾಡಿಕೊಂಡರು. ಅವರು ಬೈದದ್ದು ಬೇಕಾದ್ದಕ್ಕಿಂತ ಜಾಸ್ತಿ ಲಸಿಕೆ ಕೂಡಿಟ್ಟುಕೊಂಡಿದ್ದ ಶ್ರೀಮಂತ ದೇಶಗಳನ್ನ.

ಬೆಂದಕಾಳೂರು

ಅಕ್ಕ, ಹಾಗಾದರೆ ನಮ್ಮ ಬಗ್ಗೆ ಒಳ್ಳೆ ಅಭಿಪ್ರಾಯವೇ ಇದೆ ಅನ್ನಿ. ಚೀನಾಕ್ಕಿಂತ ವಾಸಿ.

ಆಕ್ರಾ ಅಕ್ಕ

ಅಷ್ಟು ಬೇಗ ಖುಷಿ ಪಡಬೇಡಿ. 2016ರ ಜೂನ್‌ನಲ್ಲಿ ಪ್ರಣಬ್ ಮುಖರ್ಜಿ ಬಂದು ಲೆಗಾನ್‌ನಲ್ಲಿರುವ ಘಾನಾ ವಿಶ್ವವಿದ್ಯಾಲಯದಲ್ಲಿ ಗಾಂಧಿ ಪ್ರತಿಮೆ ಅನಾವರಣ ಮಾಡಿದರು. ಮೂರು ತಿಂಗಳಲ್ಲಿ ಅಲ್ಲಿನ ಪ್ರಾಧ್ಯಾಪಕರು ತೆಗೆಯಿರಿ ಅಂತ ಸಹಿ ಸಂಗ್ರಹ ಶುರು ಮಾಡಿದರು. ದಕ್ಷಿಣ ಆಫ್ರಿಕಾದಲ್ಲಿ ಯುವಕರಾಗಿದ್ದಾಗ ಗಾಂಧೀಜಿ ಕಪ್ಪು ಜನರ ಬಗ್ಗೆ ಬರೆದ ಕೆಲವು ಮಾತು ಅವರ ತಕರಾರು. 2018ರ ಡಿಸೆಂಬರ್‌ನಲ್ಲಿ ಪ್ರತಿಮೆ ತೆಗೆದೇಬಿಟ್ಟರು.

ನಾವು ಕೆಲವರು ಭಾರತೀಯರು ಅವತ್ತು ಸಂಜೆ ಚಹಾ ಕುಡೀತಾ ಕೋಪ ಮಾಡಿಕೊಂಡೆವು. ಎಷ್ಟು ಕೊಟ್ಟಿದ್ದೀವಿ ಇವರಿಗೆ, ಕೃತಜ್ಞತೆ ಇಲ್ಲ ಅಂತ. ನಮ್ಮ ಜೊತೆ ಕೂತಿದ್ದ ಘಾನಾದ ಹಿರಿಯ ಫಾರ್ಮಸಿಸ್ಟ್ ಒಬ್ಬರು ಮೆಲ್ಲಗೆ ಕೇಳಿದರು: "ಅಲ್ಲಿ ನಮ್ಮ ನಾಯಕರ ಪ್ರತಿಮೆ ಎಷ್ಟಿದೆ?" ಯಾರೂ ಮಾತಾಡಲಿಲ್ಲ. ಗಾಂಧೀಜಿ ಆಮೇಲೆ ಬದಲಾದರು ಅಂತ ವಾದ ಮಾಡಬಹುದು, ನಾನೂ ಮಾಡ್ತೀನಿ. ಆದರೆ ಅವರ ಕ್ಯಾಂಪಸ್‌ನಲ್ಲಿ ಯಾರನ್ನು ನಿಲ್ಲಿಸಬೇಕು ಅನ್ನೋದು ಅವರನ್ನ ಕೇಳಿ ಮಾಡಬೇಕಾದ ಕೆಲಸ ಅಲ್ವಾ? ಕಬ್ಬಿನ ಕತೆಯೂ ಅದೇ ಆಯ್ತು.

ಕುಡ್ಲದ ಮಾರಾಯ

ನಾನು ಕೀನ್ಯಾದ ನೈರೋಬಿಯಲ್ಲಿ ಎಂಟು ವರ್ಷ ಇದ್ದು ಈಗ ಮಂಗಳೂರಿಗೆ ವಾಪಸ್ ಬಂದವ. ಚೀನಾ ಅಂದರೆ ಜನ ಉರಿದು ಬೀಳುತ್ತಾರೆ ಅಂತ ನಮ್ಮ ಟಿವಿ ನೋಡಿ ನಂಬಬೇಡಿ ಮಾರಾಯ್ರೆ. 2014-15ರಲ್ಲಿ ಆಫ್ರೋಬ್ಯಾರೋಮೀಟರ್ ಅಂತ ಜನಾಭಿಪ್ರಾಯ ಸಮೀಕ್ಷೆ ಮಾಡುವವರು 36 ದೇಶಗಳಲ್ಲಿ ಕೇಳಿದಾಗ 63% ಜನ ಚೀನಾದ ಪ್ರಭಾವ ಒಳ್ಳೆಯದು ಅಂದಿದ್ದರು. ಅದೇ ಜನ ಯಾವ ದೇಶದ ಮಾದರಿ ನಿಮಗೆ ಬೇಕು ಅಂದಾಗ ಅಮೆರಿಕವನ್ನು ಮೊದಲು ಇಟ್ಟರು, 30%. ಚೀನಾಕ್ಕೆ 24%. ರಸ್ತೆ ಬೇಕಾದಾಗ ಚೀನಾ, ಮಗನನ್ನು ಓದಲು ಕಳಿಸುವಾಗ ಅಮೆರಿಕ. ನಾವೂ ಹಾಗೆಯೇ ಅಲ್ವಾ?

2017ರಲ್ಲಿ ಮೊಂಬಾಸಾ-ನೈರೋಬಿ ಹೊಸ ರೈಲು ಶುರುವಾಯಿತು, ಚೀನಾ ಸಾಲ. ನಾನು ಅದರಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಐದು-ಆರು ಗಂಟೆಯಲ್ಲಿ ಸಮುದ್ರ. ಕಿಟಕಿಯಲ್ಲಿ ಆನೆ ಕಾಣುತ್ತದೆ. ಜನ ಸೆಲ್ಫಿ ತೆಗೆಯುತ್ತಾರೆ. ಅದೇ ಜನ ಅದೇ ಬೋಗಿಯಲ್ಲಿ ಕೂತು ಸಾಲದ ಪತ್ರ ಎಲ್ಲಿ, ಯಾಕೆ ಮುಚ್ಚಿಟ್ಟಿದ್ದೀರಿ ಅಂತ ಬೈಯುತ್ತಿದ್ದರು. ಆ ಪತ್ರದ ಸ್ವಲ್ಪ ಭಾಗವನ್ನು ಸರ್ಕಾರ ಹೊರಗೆ ಬಿಟ್ಟದ್ದು 2022ರ ನವೆಂಬರಿನಲ್ಲಿ. ರೈಲಿನ ಮೇಲೆ ಸಿಟ್ಟಿಲ್ಲ, ಗುಟ್ಟಿನ ಮೇಲೆ ಸಿಟ್ಟು.

2024ರ ಜೂನ್‌ನಲ್ಲಿ ಬ್ರೆಡ್ಡಿಗೂ ತೆರಿಗೆ ಹಾಕಲು ಹೊರಟಾಗ ಹುಡುಗರು ಅಲ್ಲಿನ ಸಂಸತ್ತಿಗೇ ನುಗ್ಗಿದರಲ್ಲ, ಆಗ ಫಲಕಗಳಲ್ಲಿ ದೇಶಗಳಿಗೆ ಸಾಲ ಕೊಡುವ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಹೆಸರೂ ಇತ್ತು. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ಅಧ್ಯಕ್ಷ ರುಟೊ ವಾಷಿಂಗ್ಟನ್‌ನಲ್ಲಿ ಸರ್ಕಾರಿ ಔತಣ ಉಂಡು ಬಂದಿದ್ದರು. ಹೊರಗಿನವರು ಅಧ್ಯಕ್ಷನ ಕೈ ಕುಲುಕುತ್ತಾರೆ, ಬಿಲ್ಲು ನಮ್ಮ ಕೈಗೆ ಕೊಡುತ್ತಾರೆ ಅಂತ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗ ಮೆಸೇಜ್ ಮಾಡಿದ್ದ.

ಲೆಕ್ಕದ ಮೇಷ್ಟ್ರು

ಘಾನಾದಲ್ಲೂ ಅದೇ. 2017ರ ಡಿಸೆಂಬರ್‌ನಲ್ಲಿ ಆಗಿನ ಅಧ್ಯಕ್ಷ ಅಕುಫೊ-ಆಡೊ ಅವರು ಫ್ರಾನ್ಸಿನ ಮ್ಯಾಕ್ರಾನ್ ಅವರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಪಶ್ಚಿಮದ ನೆರವು ನೆಚ್ಚಿಕೊಂಡು ನಾವು ಇನ್ನು ನೀತಿ ಮಾಡಬಾರದು ಅಂದರು. ಆ ವಿಡಿಯೋ ಖಂಡದ ತುಂಬ ಓಡಿತು. ಐದು ವರ್ಷ ಆಗುವುದರೊಳಗೆ ಐಎಂಎಫ್ ಬಾಗಿಲು ಬಡಿದರು. 2022ರ ಡಿಸೆಂಬರ್‌ನಲ್ಲಿ ಹೊರಗಿನ ಸಾಲದ ಕಂತು ನಿಲ್ಲಿಸಿದರು, 2023ರ ಮೇನಲ್ಲಿ 300 ಕೋಟಿ ಡಾಲರ್ ಮಂಜೂರಾಯಿತು. ಮಾತು ಸುಳ್ಳಾಗಿರಲಿಲ್ಲ, ಗಲ್ಲಾ ಪೆಟ್ಟಿಗೆ ಖಾಲಿ ಇತ್ತು.

ಮಂಡ್ಯದ ಹೈದ

ಆ ವರ್ಷ ನಾನು ಇಲ್ಲೇ ಇದ್ದೆ ಸಾರ್. ಸಿಡಿ ಅಂತ ಇಲ್ಲಿನ ದುಡ್ಡು, ಅದರ ಬೆಲೆ ಯಾವ ಪರಿ ಬಿತ್ತು ಅಂದರೆ ನಮ್ಮ ಕಾರ್ಖಾನೆಯಲ್ಲಿ ಬೆಲೆ ಪಟ್ಟಿ ಪ್ರಿಂಟ್ ಮಾಡುವುದನ್ನೇ ಬಿಟ್ಟು ಬೋರ್ಡ್ ಮೇಲೆ ಚಾಕ್‌ನಲ್ಲಿ ಬರೆಯುತ್ತಿದ್ದೆವು. ಸರ್ಕಾರಿ ಬಾಂಡ್‌ನಲ್ಲಿ ದುಡ್ಡಿಟ್ಟಿದ್ದ ಪಿಂಚಣಿದಾರರು ಹಣಕಾಸು ಸಚಿವಾಲಯದ ಮುಂದೆ ಧರಣಿ ಕೂತರು. ಬಿಳಿ ಕೂದಲಿನ ಅಜ್ಜ-ಅಜ್ಜಿಯರು, ಕೈಯಲ್ಲಿ ಫಲಕ.

ಇನ್ನೊಂದು ಮಾತು. ನಾನು ಕೇಪ್ ಕೋಸ್ಟ್‌ನಲ್ಲಿ ಉಳಿದಿದ್ದ ಲಾಡ್ಜ್‌ನಲ್ಲಿ ನಲ್ಲಿ ಬಿಟ್ಟರೆ ಟೀ ಡಿಕಾಕ್ಷನ್ ಬಣ್ಣದ ನೀರು. ಗಲಾಮ್ಸೆ ಅಂತಾರೆ ಇಲ್ಲಿ, ಕಳ್ಳ ಚಿನ್ನದ ಗಣಿ. ಪ್ರಾ ನದಿ ಪೂರ್ತಿ ಕೆಸರು. ಕೇಪ್ ಕೋಸ್ಟ್‌ಗೆ ನೀರು ಕೊಡುವ ಘಟಕದಲ್ಲಿ ನೀರಿನ ಕದಡು ಎನ್‌ಟಿಯು ಅನ್ನೋ ಅಳತೆಯಲ್ಲಿ 2,000ದ ತನಕ ಇದ್ದರೆ ಶುದ್ಧ ಮಾಡಬಹುದಂತೆ, 2024ರ ಆಗಸ್ಟ್‌ನಲ್ಲಿ ಅದು 14,000 ಇತ್ತು. ಚೀನಾದಿಂದ ಬಂದವರು ಯಂತ್ರ ತಂದು ಇದನ್ನು ದೊಡ್ಡದು ಮಾಡಿದರು ಅಂತ 2013ರಲ್ಲೇ ಸಾವಿರಾರು ಜನರನ್ನು ಗಡೀಪಾರು ಮಾಡಿದ್ದರು. ಲಾಡ್ಜ್ ಹುಡುಗಿಯನ್ನು ಕೇಳಿದೆ, ಇದು ಚೀನಾದವರ ಕೆಲಸ ಅಲ್ವಾ ಅಂತ. ಅವಳು ಬಕೆಟ್ ಕೆಳಗಿಟ್ಟು ಹೇಳಿದಳು, "ಅವರಿಗೆ ಜಮೀನು ತೋರಿಸಿದವನು ನಮ್ಮ ಊರಿನ ದೊಡ್ಡ ಮನುಷ್ಯನೇ. ಆ ಚಿನ್ನ ಕೊಳ್ಳುವವರು ಯಾರು?"

ಘಾನಾದಿಂದ ನಾವು ತರಿಸಿಕೊಳ್ಳುವ ಸಾಮಾನಿನಲ್ಲಿ ಮೊದಲನೆಯದು ಚಿನ್ನ. ನಾನು ಸುಮ್ಮನಾದೆ.

ಪೇಡೆ ಡಬ್ಬಿ

ಧಾರವಾಡದಿಂದ. ಎಲ್ಲಾ ಓದಿದೆ ರೀ. ಅಮೆರಿಕದ ನೆರವು ನಿಂತ ಮೇಲೆ ಅಲ್ಲಿ ಏನಾಯ್ತು ಅನ್ನೋದು ಯಾರೂ ಸರಿಯಾಗಿ ಬರೆದಿಲ್ಲ. ಅಕ್ಕಾರ, ನೀವು ಔಷಧಿ ಲೈನ್‌ನಾಗ ಇದ್ದೀರಿ, ಹೇಳ್ರಿ.

ಆಕ್ರಾ ಅಕ್ಕ

2025ರ ಜನವರಿಯಲ್ಲಿ ನಿಲ್ಲಿಸಿದಾಗ ಘಾನಾಗೆ ಬಿದ್ದ ಕಂದಕ 15.6 ಕೋಟಿ ಡಾಲರ್ ಅಂತ ಸರ್ಕಾರವೇ ಹೇಳಿತು. ಅದರಲ್ಲಿ ಅರ್ಧದಷ್ಟು ಮಲೇರಿಯಾ, ತಾಯಿ-ಮಗು ಆರೋಗ್ಯ, ಎಚ್‌ಐವಿಗೆ ಹೋಗ್ತಿದ್ದ ದುಡ್ಡು. ನನ್ನ ಪರಿಚಯದ ಒಬ್ಬಳು ಹಳ್ಳಿಗಳಿಗೆ ಸೊಳ್ಳೆ ಪರದೆ ಲೆಕ್ಕ ಬರೆಯುವ ಕೆಲಸದಲ್ಲಿದ್ದಳು. ಶುಕ್ರವಾರ ಕೆಲಸ ಇತ್ತು, ಸೋಮವಾರ ಇಲ್ಲ. ಲ್ಯಾಪ್‌ಟಾಪ್ ವಾಪಸ್ ಕೊಡೋಕೂ ಆಫೀಸಿನಲ್ಲಿ ಯಾರೂ ಇರಲಿಲ್ಲ.

ಆದರೆ ಇಲ್ಲಿನವರ ಮಾತು ನನಗೆ ಬೇರೆ ಥರ ಕೇಳಿಸಿತು. ಅಳು ಕಡಿಮೆ, ನಾಚಿಕೆ ಜಾಸ್ತಿ. 2001ರಲ್ಲಿ ನೈಜೀರಿಯಾದ ಅಬುಜಾದಲ್ಲಿ ಆಫ್ರಿಕಾದ ನಾಯಕರೆಲ್ಲ ಸೇರಿ ಬಜೆಟ್‌ನ 15% ಆರೋಗ್ಯಕ್ಕೆ ಇಡ್ತೀವಿ ಅಂತ ಮಾತು ಕೊಟ್ಟಿದ್ದರು. ಇಟ್ಟಿದ್ದರೆ ಇವತ್ತು ಹೀಗೆ ಆಗ್ತಿತ್ತಾ ಅಂತ ರೇಡಿಯೋದಲ್ಲಿ ಬೆಳಿಗ್ಗೆಯೆಲ್ಲ ಜನ ಫೋನ್ ಮಾಡಿ ಕೇಳ್ತಿದ್ದರು. ಆ ವರ್ಷದ ಬಜೆಟ್‌ನಲ್ಲಿ ಆರೋಗ್ಯ ವಿಮೆಗೆ ಅಂತ ವಸೂಲಾಗುವ ತೆರಿಗೆಯನ್ನು ಬೇರೆ ಕಡೆ ತಿರುಗಿಸದೆ ಪೂರ್ತಿ ಅದಕ್ಕೇ ಕೊಡ್ತೀವಿ ಅಂದರು. ಅಷ್ಟಾದರೂ ಆಯ್ತು.

ಹಾಂ, ಮಲೇರಿಯಾದ ಆರ್21 ಲಸಿಕೆಗೆ 2023ರ ಏಪ್ರಿಲ್‌ನಲ್ಲಿ ಜಗತ್ತಿನಲ್ಲೇ ಮೊದಲು ಒಪ್ಪಿಗೆ ಕೊಟ್ಟ ದೇಶ ಘಾನಾ. ತಯಾರಾಗೋದು ಪುಣೆಯಲ್ಲೇ. ಸಕ್ಕರೆ ಫ್ಯಾಕ್ಟರಿಗಿಂತ ಇದು ನಮಗೆ ಜಾಸ್ತಿ ಹೆಸರು ತಂದಿದೆ.

ಬೆಂದಕಾಳೂರು

ಸರಿ, ನನ್ನ ಮೊದಲ ಕಾಮೆಂಟ್ ಅರ್ಧ ವಾಪಸ್. ಆದರೂ ಒಂದು ಪ್ರಶ್ನೆ. 225 ಕೋಟಿಯಲ್ಲಿ ಜನರ ಮನಸ್ಸು ಗೆಲ್ಲೋಕೆ ಆಗುತ್ತಾ? ಎಲ್ಲಿ ಹಾಕಿದರೆ ಲಾಭ?

ಆಕ್ರಾ ಅಕ್ಕ

ದುಡ್ಡಿಗಿಂತ ಮೊದಲು ನಿಮ್ಮ ಊರಿನಲ್ಲೇ ಒಂದು ಕೆಲಸ ಇದೆ. ಆಫ್ರಿಕಾದ ಎಷ್ಟೋ ಮಕ್ಕಳು ಬೆಂಗಳೂರಿಗೆ ಓದೋಕೆ ಬರ್ತಾರೆ. 2016ರಲ್ಲಿ ಹೆಸರಘಟ್ಟ ಕಡೆ ಟಾಂಜಾನಿಯಾದ ವಿದ್ಯಾರ್ಥಿನಿ ಮೇಲೆ ಗುಂಪು ಹಲ್ಲೆ ಮಾಡಿತಲ್ಲ, ಯಾರೋ ಬೇರೆ ದೇಶದವನು ಮಾಡಿದ ಅಪಘಾತಕ್ಕೆ ಅವಳನ್ನ ಹಿಡಿದು ಹೊಡೆದರು. ಆ ವಾರ ಇಲ್ಲಿ ಮಾರ್ಕೆಟ್‌ನಲ್ಲಿ ನಾನು ತಲೆ ತಗ್ಗಿಸಿಕೊಂಡು ತರಕಾರಿ ತಂದಿದ್ದೀನಿ. ನಮ್ಮ ಗೋಡೌನ್‌ನಲ್ಲಿ ಬೆಂಗಳೂರಲ್ಲಿ ಬಿಸಿಎ ಓದಿ ಬಂದ ಹುಡುಗ ಒಬ್ಬ ಇದ್ದಾನೆ. "ಊಟ ಆಯ್ತಾ" ಅಂತ ಚೆನ್ನಾಗಿ ಕನ್ನಡದಲ್ಲೇ ಕೇಳ್ತಾನೆ. ಹನ್ನೆರಡು ಮನೆ ನೋಡಿದನಂತೆ, ಫೋನ್‌ನಲ್ಲಿ ಖಾಲಿ ಇದೆ ಅಂದವರು ಮುಖ ನೋಡಿದ ಮೇಲೆ ಖಾಲಿ ಇಲ್ಲ ಅಂದರಂತೆ. ಹದಿಮೂರನೆಯ ಮನೆಯ ಅಜ್ಜಿ ಕೊಟ್ಟಳು. ಹಬ್ಬದ ದಿನ ಒಬ್ಬಟ್ಟನ್ನೂ ಕೊಡೋಳಂತೆ. ಇಂಡಿಯಾ ಹೇಗೆ ಅಂತ ಇಲ್ಲಿ ಯಾರಾದರೂ ಕೇಳಿದರೆ ಅವನು ಹನ್ನೆರಡು ಮನೆಯನ್ನೂ ಹೇಳ್ತಾನೆ, ಅಜ್ಜಿಯನ್ನೂ ಹೇಳ್ತಾನೆ.

ಕುಡ್ಲದ ಮಾರಾಯ

ಇದು ಸತ್ಯ ಅಕ್ಕ. ನೈರೋಬಿಯಲ್ಲಿ ನನಗೆ ಮನೆ ಸಿಗಲು ಒಂದು ದಿನ ಸಾಕಾಗಿತ್ತು.

ಕೂಳೆ ಕಬ್ಬು

ಹೈದ, ಒಂದು ವಿಷಯ ಕೇಳಬೇಕಿತ್ತು. ಆ ಫ್ಯಾಕ್ಟರಿ ಸುತ್ತ ಮಣ್ಣು ಹೇಗಿದೆ? ಕೆಂಪಾ, ಕಪ್ಪಾ? ಹಳೆ ಕಬ್ಬು ಎಲ್ಲಾದರೂ ಬೇಲಿ ಪಕ್ಕ ಉಳಿದಿದೆಯಾ? ಅಜ್ಜನ ಕಾಲದ್ದು ಒಂದೆರಡು ಬುಡ ಇದ್ದರೂ ಇರುತ್ತೆ, ಅದು ಆ ನೆಲಕ್ಕೆ ಒಗ್ಗಿದ ತಳಿ. ನಮ್ಮ ಸಿಒ 62175 ತಳಿ ಅಲ್ಲಿ ಬರುತ್ತೋ ಇಲ್ಲವೋ.

ಮಂಡ್ಯದ ಹೈದ

ಕೆಂಪು ಮಣ್ಣು ಅಣ್ಣ. ಗೇಟ್ ಹತ್ತಿರ ಒಬ್ಬಳು ಕೆಂಕೆ ಮಾರುತ್ತಿದ್ದಳು, ನಮ್ಮ ಕಡುಬಿನ ಥರ, ಮುಸುಕಿನ ಜೋಳದ ಹಿಟ್ಟನ್ನು ಹುಳಿ ಬರಿಸಿ ಮಾಡುತ್ತಾರೆ. ಅವಳ ಪಕ್ಕ ಒಂದು ಹುಡುಗ ಕಬ್ಬಿನ ತುಂಡು ಜಗಿಯುತ್ತಿದ್ದ! ಆಗ ತಲೆಗೆ ಹೋಗಲಿಲ್ಲ, ಎಲ್ಲಿಂದ ಬಂತು ಅಂತ ಕೇಳಬೇಕಿತ್ತು. ಸೆಕ್ಯುರಿಟಿಯವನ ನಂಬರ್ ಇದೆ. ನಾಳೆ ಫೋನ್ ಮಾಡಿ ಕೇಳ್ತೀನಿ, ಗೆಣ್ಣಿನ ಫೋಟೋನೂ ಕಳಿಸು ಅಂತೀನಿ.